ಸಿಡುಕಣ್ಣನ ಮನೆ ಕಾರಿನ ಲೈಟು

ಕಾರುಗಳ ವೈರಿಂಗ್ ಕೆಲಸ ಮಾಡುವ ಅವನನ್ನು ಬೀದಿಯವರೆಲ್ಲ ಸಿಡುಕಣ್ಣ ಎಂದೇ ಕರೆಯುತ್ತಿದ್ದರು. ಎದುರಿಗಲ್ಲ, ಬೆನ್ನ ಹಿಂದೆ. ಕೋಪ ಅವನ ಮೂಗಿನ ತುದಿಯಲ್ಲೇ ಇರುತ್ತಿತ್ತು. ಸ್ಕೂಲು ಬಿಟ್ಟಿದ್ದೂ ಕೋಪದಲ್ಲೇ. ಮೇಷ್ಟ್ರ ಮುಂದೆ ಸ್ಲೇಟು ಒಡೆದು ಹೊರಬಿದ್ದವನು ಬಸ್ ಗ್ಯಾರೇಜಿನಲ್ಲಿ ಬ್ಯಾಟರಿಗೆ ನೀರು ತುಂಬುವ ಕೆಲಸಕ್ಕೆ ಸೇರಿ, ಅಲ್ಲೇ ವೈರು ಹಿಡಿಯುವುದನ್ನು ಕಲಿತು, ಈಗ ತಗಡಿನ ಶೆಡ್ಡಿನಲ್ಲಿ ಸ್ವಂತ ಅಂಗಡಿ ಇಟ್ಟಿದ್ದ. ಬೈಸಿಕೊಂಡರೂ ಗಿರಾಕಿಗಳು ಅವನಲ್ಲಿಗೇ ಬರುತ್ತಿದ್ದರು. ಬಾನೆಟ್ ಎತ್ತುವ ಮೊದಲು ಓಡಿಸುವವರನ್ನು ಸ್ಟೂಲಿನ ಮೇಲೆ ಕೂರಿಸಿ ಕೇಳುವುದು ಅವನ ಕ್ರಮ. ಯಾವಾಗ ಹೀಗಾಗುತ್ತೆ, ಏನು ಒತ್ತಿದಾಗ, ಗುಂಡಿಗೆ ಇಳಿದಾಗಲೋ ಮಳೆಯಲ್ಲೋ? ಅವರು ಹೇಳಿ ಮುಗಿಸುವ ತನಕ ಅವನ ಬಾಯಿಗೆ ಬೀಗ.

ಈ ಮರ್ಯಾದೆ ಸಿಗದೇ ಇದ್ದದ್ದು ಅವನ ಹೆಂಡತಿಗೆ ಮಾತ್ರ.

ಅವಳು ಬೇಕರಿಯಲ್ಲಿ ಹಿಟ್ಟು ನಾದುವವಳು. ಬೆಳಕು ಹರಿಯುವ ಮೊದಲೇ ಮನೆಯ ಹಳೇ ಕಾರಿನಲ್ಲಿ ಹೊರಡಬೇಕು. ಆ ಕಾರಿನ ಹೆಡ್‌ಲೈಟುಗಳೋ, ಕೆಲವು ತಿಂಗಳಿಂದ ಮಂಕಾಗುವುದು, ಮಿಣುಕುವುದು, ಮತ್ತೆ ಸರಿಹೋಗುವುದು. ಸಿಡುಕಣ್ಣ ಬಲ್ಬ್ ಬದಲಿಸಿದ, ಫ್ಯೂಸ್ ಬದಲಿಸಿದ, ರಿಲೇ ಬದಲಿಸಿದ. ಪ್ರತಿ ಸಲವೂ ನಾಲ್ಕು ದಿನ ಸುಮ್ಮನಿದ್ದು ಮತ್ತೆ ಅದೇ ಹಾಡು. ಆ ದಿನ ಬೆಳಗಿನ ಜಾವ ಹೊಳೆ ತಿರುವಿನಲ್ಲಿ ಎರಡೂ ಪಕ್ಕನೆ ಆರಿಹೋಗಿದ್ದವು. ಮುಂದೆ ಹೋಗುತ್ತಿದ್ದ ಹಾಲಿನ ವ್ಯಾನಿನ ಕೆಂಪು ದೀಪವನ್ನೇ ನೋಡುತ್ತ ಜೀವ ಕೈಯಲ್ಲಿ ಹಿಡಿದುಕೊಂಡು ಬೇಕರಿ ಮುಟ್ಟಿದ್ದಳು.

ಸಂಜೆ ಅವನು ಸೊಂಟ ಹಿಡಿದುಕೊಂಡು ಮನೆಗೆ ಬಂದಾಗ ಅವಳು ಟಾರ್ಚು ಹಿಡಿದು ಕಾರಿನ ಹತ್ತಿರವೇ ನಿಂತಿದ್ದಳು.

"ಇವತ್ತು ಸರಿಯಾಗ್ಲಿಲ್ಲ ಅಂದ್ರೆ ನಾಳೆಯಿಂದ ಕೆಲಸಕ್ಕೆ ಹೋಗಲ್ಲ. ಬೇಕರಿ ಯಜಮಾನ್ರಿಗೂ ಹೇಳಿ ಬಂದಿದೀನಿ."

"ಕೈ ಕಾಲು ತೊಳ್ಕೊಳೋಕಾದ್ರೂ ಬಿಡ್ತೀಯೇನೇ?"

"ಮತ್ತೆ ಗ್ರೀಸ್ ಆಗತ್ತಲ್ಲ, ತೊಳೆದು ಏನು ಮಾಡ್ತೀರಿ."

ಅವನಿಗೆ ಬೈಯಲೂ ಶಕ್ತಿ ಉಳಿದಿರಲಿಲ್ಲ. ಆ ಕೆಲಸವೆಂದರೆ ಅವಳಿಗೆ ಪ್ರಾಣ ಎಂಬುದು ಅವನಿಗೆ ಗೊತ್ತು. ಬೇಕರಿಯ ಹೆಂಗಸರ ಕಥೆ, ನಗು ಎಲ್ಲವನ್ನೂ ಅವಳು ದಿನಾ ಮನೆಗೆ ಹೊತ್ತು ತರುತ್ತಿದ್ದಳು. ಅದೂ ನಿಂತರೆ ಮನೆಯಲ್ಲಿ ಉಳಿಯುವುದು ಅವನ ಸಿಡುಕೊಂದೇ.

ಬಾನೆಟ್ ಎತ್ತಿ ಬಲ್ಬ್ ಬಿಚ್ಚಿದ. ಗಾಜಿಗೆ ಬೆರಳು ತಾಗದಂತೆ ಬಟ್ಟೆಯಲ್ಲಿ ಹಿಡಿದು ನೋಡಿದ. ಚೆನ್ನಾಗಿಯೇ ಇತ್ತು.

"ಟಾರ್ಚು ಇಲ್ಲಿ ಹಿಡಿಯೇ. ಅಲ್ಲೇನು ನನ್ನ ಮುಖ ನೋಡ್ತಿದೀಯಾ?"

"ನೋಡೋ ಹಾಗಿದ್ರೆ ತಾನೇ ನೋಡೋದು. ಅಲ್ಲರೀ, ಇಂಡಿಕೇಟರ್ ಹಾಕಿದಾಗೆಲ್ಲ ಈ ದೊಡ್ಡ ಲೈಟೂ ಅದರ ಜೊತೆ ಕಣ್ಣು ಹೊಡೆಯತ್ತೆ ಅಂತ ಎಷ್ಟು ಸಲ ಹೇಳಿದೀನಿ?"

"ನಿನಗೆಲ್ಲಾ ಕಣ್ಣು ಹೊಡೆದ ಹಾಗೇ ಕಾಣತ್ತೆ" ಎಂದವನ ಕೈ ತಟ್ಟನೆ ನಿಂತಿತು. ಬೇರೆ ಗಿರಾಕಿ ಈ ಮಾತು ಹೇಳಿದ್ದರೆ ಸ್ಟೂಲಿನಿಂದ ಏಳುವ ಮೊದಲೇ ರೋಗ ತಿಳಿದುಬಿಡುತ್ತಿತ್ತು.

"ಇನ್ನೊಂದು ಸಲ ಹೇಳು. ಯಾವಾಗ ಆಗತ್ತೆ?"

ಅವಳು ಅನುಮಾನದಿಂದಲೇ ಹೇಳಿದಳು. ಅವನು ನಡುವೆ ಬಾಯಿ ಹಾಕದೆ ಕೇಳಿದ.

ದೀಪಗಳಿಂದ ಬ್ಯಾಟರಿಗೆ ಕರೆಂಟು ವಾಪಸು ಹೋಗುವುದು ಅರ್ತ್ ವೈರಿನಲ್ಲಿ, ಕಾರಿನ ಮೈಯ ಮೂಲಕ. ಮುಂದಿನ ಹೆಡ್‌ಲೈಟು, ಇಂಡಿಕೇಟರ್ ಎಲ್ಲದರ ಅರ್ತ್ ವೈರೂ ರೇಡಿಯೇಟರ್ ಪಕ್ಕದಲ್ಲಿ ಒಂದೇ ಬೋಲ್ಟಿನಿಂದ ಆ ಮೈಗೆ ಬಿಗಿದಿತ್ತು. ಬಲ್ಬ್ ಮತ್ತೆ ಕೂರಿಸಿ, ಲೈಟು ಹಾಕಿಸಿ, ಬ್ಯಾಟರಿಯ ನೆಗೆಟಿವ್ ತುದಿಯಿಂದ ಒಂದು ತುಂಡು ವೈರು ಎಳೆದು ಆ ಬೋಲ್ಟಿಗೆ ಮುಟ್ಟಿಸಿದ. ಎದುರಿನ ಗೋಡೆ ಹಗಲಾಯಿತು. ವೈರು ತೆಗೆದ, ಮಂಕು. ಬೋಲ್ಟು ಬಿಚ್ಚಿದರೆ ಅಡಿಯಲ್ಲಿ ಕಪ್ಪು ಬಣ್ಣ, ಅದರ ಅಂಚಿಗೆ ತುಕ್ಕು. ಬಣ್ಣದಲ್ಲಿ ಕರೆಂಟು ಹರಿಯುವುದಿಲ್ಲ. ಇಷ್ಟು ದಿನ ಬೋಲ್ಟಿನ ತಿರುಪಿನ ಮೂಲಕ ಹೇಗೋ ಹರಿಯುತ್ತಿತ್ತು, ತುಕ್ಕು ಹತ್ತಿ ಅದೂ ಕೈಕೊಟ್ಟಿತ್ತು.

"ಯಾವ ಮುಠ್ಠಾಳ ಇದಕ್ಕೆ ಬಣ್ಣ ಬಳಿದಿದ್ದು" ಎಂದು ಶುರು ಮಾಡಿದ. ಅರ್ತ್ ಬಿಗಿಯುವ ಜಾಗಕ್ಕೂ ಬಣ್ಣ ಬಳಿಯುವ ಪೇಂಟರುಗಳಿಗೆಂದೇ ಅವನ ಬಳಿ ಬೈಗುಳದ ಒಂದು ದಾಸ್ತಾನಿತ್ತು. ಅವಳು ಅಷ್ಟನ್ನೂ ಕೇಳಿಸಿಕೊಂಡಳು.

"ಹೋದ ಬೇಸಿಗೆಯಲ್ಲಿ ತುಕ್ಕು ಹಿಡಿಯತ್ತೆ ಅಂತ ನೀವೇ ಮುಂದಿನದೆಲ್ಲ ಬಿಚ್ಚಿ ಬಣ್ಣ ಹೊಡೆದ್ರಲ್ಲ, ಆ ಮುಠ್ಠಾಳನೇ ಇರಬೇಕು."

ಅವನು ಉಪ್ಪುಕಾಗದ ತಗೊಂಡು ಲೋಹ ಹೊಳೆಯುವ ತನಕ ಉಜ್ಜಿದ, ವೈರಿನ ತುದಿ ಉಜ್ಜಿದ, ಬೋಲ್ಟು ಬಿಗಿದು ಮೇಲೆ ಗ್ರೀಸ್ ಸವರಿದ. ಇಂಡಿಕೇಟರ್ ಹಾಕಿದರೂ ಗೋಡೆಯ ಮೇಲಿನ ಎರಡು ಬೆಳಕೂ ಅಲುಗಲಿಲ್ಲ.

"ಸರಿಯಾಯ್ತಲ್ಲ, ಇನ್ನು ಹೋಗ್ತೀಯಾ?"

"ಗೋಡೆ ಮುಂದೆ ಪ್ರತಿ ಸಲಾನೂ ಸರಿಯಾಗೇ ಇತ್ತು. ತಿರುವಿನಲ್ಲಿ ನೋಡಬೇಕು. ಬೆಳಿಗ್ಗೆ ನೀವೂ ಬನ್ನಿ."

ಬೆಳಗಿನ ಜಾವ ಅವಳು ಎಬ್ಬಿಸಿದಾಗ ಮೈಯೆಲ್ಲ ಸೀಸ ಹುಯ್ದ ಹಾಗಿತ್ತು. ಬನಿಯನ್ ಮೇಲೆ ಸ್ವೆಟರ್ ಏರಿಸಿಕೊಂಡು ಪಕ್ಕದ ಸೀಟಿನಲ್ಲಿ ಕುಸಿದ. ಹೊಳೆ ತಿರುವು ಬಂತು. ಅವಳ ಕೈ ಇಂಡಿಕೇಟರ್ ಕಡೆ ಹೋಗಿ ಒಂದು ಗಳಿಗೆ ತಡೆಯಿತು, ಆಮೇಲೆ ಒತ್ತಿತು. ಟಿಕ್ ಟಿಕ್ ಸದ್ದು. ರಸ್ತೆ, ತಡೆಗೋಡೆ, ಅದರಾಚೆಯ ನೀರು, ಎಲ್ಲದರ ಮೇಲೂ ಬೆಳಕು ನೆಟ್ಟಗೆ ನಿಂತಿತ್ತು.

ತಿರುವು ದಾಟಿ ಅವಳು, ಬೇಕರಿಯ ಹೆಂಗಸೊಬ್ಬಳು ಮೊನ್ನೆ ಉಪ್ಪಿನ ಬದಲು ಸಕ್ಕರೆ ಸುರಿದ ಕಥೆ ಶುರು ಮಾಡಿದಳು. ಕೊನೆಗೆ ಏನಾಯಿತೆಂದು ಕೇಳಬೇಕು ಎಂದುಕೊಳ್ಳುತ್ತಲೇ ಅವನ ಕಣ್ಣು ಮುಚ್ಚಿಹೋಯಿತು.