ಅತ್ತೆ ನೋಡಿ ಒಪ್ಪಿದ ಮನೆ

ನಮ್ಮ ಅತ್ತೆಯ ಬಲಗೈ ತೋರುಬೆರಳಿನ ಮೇಲೆ, ಉಗುರಿನಿಂದ ಸ್ವಲ್ಪ ಕೆಳಗೆ, ಒಂದು ಗೀರು ಇತ್ತು. ವರ್ಷಗಟ್ಟಲೆ ಮಗ್ಗದ ಕಂಡಿಕೆಗೆ ನೂಲು ಸುತ್ತಿದ್ದಕ್ಕೆ, ಬೆರಳ ಮೇಲೆ ಓಡಿದ ನೂಲೇ ಅಲ್ಲೊಂದು ದಾರಿ ಮಾಡಿಕೊಂಡಿತ್ತು. ಆ ಬೆರಳು ಮೇಲೆದ್ದಿತೆಂದರೆ ಎದುರಿಗಿದ್ದವರು ಉತ್ತರ ಕೊಡಲು ಸಿದ್ಧರಾಗಬೇಕು, ಅಷ್ಟೇ. ಅತ್ತೆ ಎಂದರೆ ನನ್ನ ಅಪ್ಪನ ಅಕ್ಕ. ಗಂಡನ ಮನೆ ಬಿಟ್ಟು ಬನಹಟ್ಟಿಗೆ ತಿರುಗಿ ಬಂದು ನಮ್ಮ ಮನೆಯ ಹಿಂದಿನ ಖೋಲಿಯಲ್ಲಿ ಇದ್ದವಳು. ಯಾಕೆ ಬಂದಳೆಂದು ಮಕ್ಕಳಾದ ನಾವು ಕೇಳುವಂತಿರಲಿಲ್ಲ.

ಕಂಡಿಕೆ ಸುತ್ತುವುದು ಅವಳ ಹೊಟ್ಟೆಪಾಡು. ಅವಳು ಹೆಸರಾಗಿದ್ದು ಮಾತ್ರ ಬೇರೆ ಕೆಲಸಕ್ಕೆ. ನಮ್ಮ ಓಣಿಯಲ್ಲಿ ಯಾರ ಮಗಳಿಗೆ ನೆಂಟಸ್ತನ ಬಂದರೂ ಗಂಡಿನ ಮನೆ ನೋಡಲು ಅತ್ತೆ ಹೋಗಬೇಕು. ಮುಧೋಳದಿಂದ, ಬೀಳಗಿಯಿಂದ ಕೂಡ ಜನ ಬಂದು ಕರೆದೊಯ್ಯುತ್ತಿದ್ದರು. ಅವಳ ಪದ್ಧತಿ ಖಡಕ್ಕಾಗಿತ್ತು. ಹೇಳಿ ಕಳಿಸಿ ಹೋಗುವುದಿಲ್ಲ. ಮುಂಬಾಗಿಲಲ್ಲಿ ಕೂರುವುದಿಲ್ಲ, ಸೀದಾ ಹಿತ್ತಲಿಗೆ. ಮನೆಯ ಯಜಮಾನಿಯನ್ನು ಬಿಟ್ಟು ಸೊಸೆಯನ್ನು ಮಾತಾಡಿಸುವುದು. ಮಾತು ಮುಗಿಯುವ ತನಕ ಆ ಮನೆಯ ಚಹಾ ಮುಟ್ಟುವುದಿಲ್ಲ. ಚಹಾ ಕುಡಿದರೆ ಒಪ್ಪಿದಂತೆ ಎನ್ನುವುದು ನಮ್ಮ ಹಿರಿಯರ ಲೆಕ್ಕ. ಅದಕ್ಕೇ ಹೋಗುವಾಗ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡೇ ಹೊರಡುತ್ತಿದ್ದಳು.

"ಪಡಸಾಲ್ಯಾಗ ಕುಂತರ ಯಾವ ಮನಿನೂ ಖರೆ ಹೇಳಂಗಿಲ್ಲ ಬೇ" ಎನ್ನುತ್ತಿದ್ದಳು. ಲೋಕಾಪುರದಲ್ಲೊಮ್ಮೆ ಅಂಗಳದಲ್ಲಿ ಹೊಸ ಮೋಟರ್‌ಸೈಕಲ್ಲು ನಿಲ್ಲಿಸಿ ಗಂಡಿನವರು ಎದೆಯುಬ್ಬಿಸಿ ಕೂತಿದ್ದರಂತೆ. ಅತ್ತೆ ಪಕ್ಕದ ಮನೆಯ ಹುಡುಗನನ್ನು ಕರೆದು, "ನಿನ್ನ ಗಾಡಿ ಛಲೋ ಐತಿ ನೋಡಪಾ" ಎಂದಳಂತೆ. ಆತ ಖುಷಿಯಾಗಿ, "ಹೌದ್ರಿ ಆಯಿ, ಹ್ವಾದ ತಿಂಗಳ ತೊಗೊಂಡೆ" ಎಂದನಂತೆ. ನೆಂಟಸ್ತನ ಅಲ್ಲಿಗೇ ಮುಗಿಯಿತು. ಅದನ್ನು ಹೇಳುವಾಗ ಅತ್ತೆ ಹೊಟ್ಟೆ ಹಿಡಿದು ನಗುತ್ತಿದ್ದಳು.

ನಾನು ಪಿಯುಸಿ ಪಾಸಾದ ವರ್ಷ ಈ ಪದ್ಧತಿ ನನ್ನ ಪಾಲಿಗೆ ಬಂತು. ನನಗೊಂದೇ ಹಟ. ಕಿವಿ ಕೇಳದವರಿಗೆ, ಮಾತು ಬಾರದ ಮಕ್ಕಳಿಗೆ ಚಿಕಿತ್ಸೆ ಕೊಡುವ ಕೋರ್ಸು ಓದಬೇಕು. ಪವರ್‌ಲೂಮಿನ ಸದ್ದಿನಲ್ಲಿ ಹುಟ್ಟಿ ಬೆಳೆದವಳು ನಾನು. ನಮ್ಮ ಓಣಿಯಲ್ಲಿ ನಲವತ್ತು ದಾಟಿದ ಗಂಡಸರ ಜೊತೆ ಗುಟ್ಟು ಮಾತಾಡುವುದು ಸಾಧ್ಯವೇ ಇರಲಿಲ್ಲ, ನಮ್ಮಪ್ಪನೂ ಸೇರಿ. ಆ ಕೋರ್ಸು ಇದ್ದದ್ದು ಬಸ್ಸಿನಲ್ಲಿ ಅರ್ಧ ದಿನದ ದಾರಿಯ ಊರಿನ ಒಂದು ಖಾಸಗಿ ವಿಶ್ವವಿದ್ಯಾಲಯದಲ್ಲಿ. ಅವರು ಜಮಖಂಡಿಯಲ್ಲಿ ಒಂದು ಕಲ್ಯಾಣ ಮಂಟಪ ಹಿಡಿದು ಶಿಕ್ಷಣ ಮೇಳ ಮಾಡಿದರು. ಅಪ್ಪ ನನ್ನನ್ನು ಕರೆದುಕೊಂಡು ಹೋದ. ಒಳಗೆ ಕಾಲಿಟ್ಟ ಕೂಡಲೇ ಚಹಾ, ಶಿರಾ ಕೊಟ್ಟರು. ಅಪ್ಪ ಎರಡೂ ತಿಂದು ಕುಡಿದು ಮುಗಿಸಿದ ಮೇಲೆ ಫೀ ಹೇಳಿದರು. ಅಪ್ಪನ ಮುಖ ಇಳಿಯಿತು. ಆದರೂ, "ಆತ್ರಿ, ಮುಂದಿನ ವಾರ ಬಂದು ಕಟ್ಟತೇವಿ" ಎಂದುಬಿಟ್ಟ.

ಮನೆಗೆ ಬಂದವನೇ ಇದ್ದ ಎರಡು ಮಗ್ಗಗಳಲ್ಲಿ ಒಂದಕ್ಕೆ ಗಿರಾಕಿ ಹುಡುಕತೊಡಗಿದ. ಸುದ್ದಿ ಹಿಂದಿನ ಖೋಲಿಗೆ ಮುಟ್ಟಿತು.

"ಲೇ ತಮ್ಮಾ, ಮಗ್ಗ ಯಾಕ ಮಾರಾಕತ್ತಿ?"

"ಅವರ ಚಾ ಕುಡದೀನಲ್ಲಬೇ ಅಕ್ಕಾ, ಶಿರಾನೂ ತಿಂದೀನಿ. ಇನ್ನ ಒಲ್ಲೆ ಅನ್ನಾಕ ಹೆಂಗ ಬರತೈತಿ?"

ಅತ್ತೆ ಹಣೆ ಹಣೆ ಬಡಿದುಕೊಂಡಳು. "ಅಯ್ಯ ನನ್ನಪ್ಪಾ! ಮನಿ ನೋಡದ ಹೆಣ್ಣ ಕೊಡಾಕ ಹೊಂಟಿಯೇನು? ನೀ ಮಗ್ಗ ಮುಟ್ಟಬ್ಯಾಡ. ನಾ ಹೋಗಿ ನೋಡಿ ಬರತೇನಿ." ನನ್ನ ಕಡೆ ತಿರುಗಿ, "ಏಳಬೇ, ರೊಟ್ಟಿ ಬಡಿ" ಎಂದಳು.

ಮರುದಿನವೇ ರಾತ್ರಿ ಬಸ್ಸಿಗೆ ಹೊರಟು ಬೆಳಿಗ್ಗೆ ಹೋಗಿ ಇಳಿದೆವು. ಗೇಟಿನಲ್ಲಿ ಕಾವಲುಗಾರ ತಡೆದು ಯಾರನ್ನು ನೋಡಬೇಕೆಂದು ಕೇಳಿದ. "ನೆಂಟಸ್ತನಕ್ಕ ಬಂದೇವಪಾ" ಎಂದಳು ಅತ್ತೆ. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವನು ನಕ್ಕು ಒಳಗೆ ಬಿಟ್ಟ. ಆಫೀಸಿನ ಬೋರ್ಡು ಎದುರಿಗೇ ಇದ್ದರೂ ಅತ್ತೆ ಅತ್ತ ತಲೆ ಹಾಕಲಿಲ್ಲ. ಮೊದಲು ಹಾಸ್ಟೆಲ್ಲಿನ ಅಡುಗೆಮನೆಗೆ ಹೋಗಿ ಅಲ್ಲಿನ ಹೆಂಗಸರ ಜೊತೆ ಜೋಳದ ರೇಟು ಮಾತಾಡಿದಳು. ಆಮೇಲೆ ಕಿವಿ ಪರೀಕ್ಷೆಯ ವಿಭಾಗಕ್ಕೆ ಹೋಗಿ ರೋಗಿಗಳ ಬೆಂಚಿನ ಮೇಲೆ ಕೂತುಬಿಟ್ಟಳು.

ಬೆಂಚು ತುಂಬಿತ್ತು. ಮಕ್ಕಳನ್ನು ಎತ್ತಿಕೊಂಡ ತಾಯಂದಿರು, ಮುದುಕರು. ತೆರೆದ ಬಾಗಿಲಲ್ಲಿ ಒಬ್ಬಳು ಎಳೆಯ ಟೀಚರು ನೆಲದ ಮೇಲೆ ಕೂತು ಒಂದು ಮಗುವಿನ ಅಂಗೈಯನ್ನು ತನ್ನ ತುಟಿಯ ಮುಂದೆ ಹಿಡಿದು "ಪ, ಪ, ಪ" ಅನ್ನುತ್ತಿದ್ದಳು. ಪಕ್ಕದಲ್ಲಿ ವಿದ್ಯಾರ್ಥಿನಿಯರು ಕೂತು ನೋಡುತ್ತಿದ್ದರು. ಅತ್ತೆ ಒಬ್ಬೊಬ್ಬ ತಾಯಿಯನ್ನೂ ಕೇಳಿದಳು. ಎಷ್ಟು ದಿನದಿಂದ ಬರುತ್ತೀ, ಹುಡುಗಿಯರು ಸಿಡಿಮಿಡಿ ಮಾಡುತ್ತಾರಾ, ಕೂಸಿಗೆ ಗುಣ ಕಂಡಿತಾ? ಮಧ್ಯಾಹ್ನದ ಹೊತ್ತಿಗೆ ನನ್ನ ಕಿವಿಯಲ್ಲಿ ಹೇಳಿದಳು: "ಮನಿ ಛಲೋ ಐತಿ ಬೇ. ಇಲ್ಲಿ ಕೆಲಸ ಕಲಸ್ತಾರ. ನಿನಗ ಒಪ್ಪತೈತಿ. ಇನ್ನ ನಮಗ ಎಟಕತೈತೋ ಇಲ್ಲೋ, ಅದೊಂದ ನೋಡೂನು."

ಹೊರಗೆ ಬೇವಿನ ಗಿಡದ ಕೆಳಗೆ ರೊಟ್ಟಿ ಬಿಚ್ಚಿದ್ದೆವು. ನಮ್ಮ ಮಾತು ಕೇಳಿ ಒಬ್ಬ ಹುಡುಗಿ ಓಡಿ ಬಂದಳು. "ಜಮಖಂಡಿ ಕಡೆಯವರೇನ್ರಿ? ನಂದು ಸಾವಳಗಿ ರೀ." ಅದೇ ಕೋರ್ಸಿನ ಮೂರನೆಯ ವರ್ಷದವಳು. ಅತ್ತೆಗೆ ಬೇಕಾಗಿದ್ದ ಸೊಸೆ ಸಿಕ್ಕಂತಾಯಿತು! ಕೈಗೆ ರೊಟ್ಟಿ ಇಟ್ಟು, ಬೆರಳು ಎತ್ತಿ ಕೇಳತೊಡಗಿದಳು. ಫೀ ಬಿಟ್ಟು ಮತ್ತೇನು ಕಟ್ಟಿಸಿಕೊಳ್ಳುತ್ತಾರೆ, ವರ್ಷವರ್ಷವೂ ಏರುತ್ತದೆಯೇ, ಕಲಿತು ಹೋದವರು ಈಗ ಎಲ್ಲಿದ್ದಾರೆ? ಹುಡುಗಿ ಚಟ್ನಿ ನೆಕ್ಕುತ್ತ ಎಲ್ಲ ಹೇಳಿದಳು. ಕೊನೆಗೆ, "ಆಯಿ, ನೀವು ಮ್ಯಾನೇಜ್‌ಮೆಂಟ್ ಸೀಟಿನ ರೇಟ್ ಕೇಳಿ ಹೆದರೀರಿ. ಇಲ್ಲಿ ಸರ್ಕಾರದ ಕೋಟಾದ್ವೂ ಅದಾವ್ರಿ. ಫೀ ಭಾಳ ಕಡಿಮಿ. ನಾ ಹಂಗ ಬಂದಾಕಿ. ಆದ್ರ ಸೀಟ ಸಿಕ್ಕವರ ಹೆಸರಿನ ಯಾದಿ ಬರೂತನ ಕಾಯಬೇಕ್ರಿ" ಎಂದಳು.

ಆಮೇಲೆ ಆಫೀಸಿಗೆ ಹೋದೆವು. ಅಲ್ಲಿನ ಮೇಡಂ ಪಾಪ ನಗುಮುಖದವರು. ಚಹಾ, ಬಿಸ್ಕೀಟು ತರಿಸಿದರು. ಅತ್ತೆ ಕಪ್ಪನ್ನು ಬೆರಳ ತುದಿಯಿಂದ ಆಚೆ ಸರಿಸಿದಳು.

"ಕೋಟಾ ಸೀಟು ಇದೆ ಅಮ್ಮ, ಆದರೆ ಸಿಗುತ್ತೆ ಅಂತ ಹೇಳೋಕಾಗಲ್ಲ. ಇವತ್ತು ಬುಕ್ ಮಾಡಿದ್ರೆ ಈ ಸೀಟು ನಿಮ್ಮದೇ. ಆಮೇಲೆ ಬಂದರೆ ಇರುತ್ತೋ ಇಲ್ಲವೋ."

"ಅವಸರ ಮಾಡೂ ಮನಿಗೆ ನಾವ ಹೆಣ್ಣ ಕೊಡೂದಿಲ್ರಿ" ಎಂದು ಅತ್ತೆ ಎದ್ದು ಕೈಮುಗಿದಳು. "ಮನಿ ನಮಗ ಒಪ್ಪಿಗಿ ಐತ್ರಿ. ಸರ್ಕಾರದ ಸೀಟ ಬಂದ್ರ ಓಡಿ ಬರತೇವಿ. ಇಲ್ಲಾ, ಇಲ್ಲಿಂದನ ನಮಸ್ಕಾರ."

ಬಸ್ಸಿನಲ್ಲಿ ನಾನು ಬಿಕ್ಕಿ ಬಿಕ್ಕಿ ಅಳತೊಡಗಿದೆ. ಕೈಗೆ ಬಂದದ್ದನ್ನು ಕಳೆದಿ, ನನ್ನ ಹಾಳು ಮಾಡಿದಿ ಎಂದು ಬಾಯಿಗೆ ಬಂದಂತೆ ಅಂದೆ. ಅವಳು ಸೆರಗಿನಿಂದ ನನ್ನ ಮೂಗು ಒರೆಸಿ, "ಅಳು, ಅಳು. ಅಳಾಕ ರೊಕ್ಕ ಬೇಕಾಗಂಗಿಲ್ಲ" ಎಂದಳು. ಸೀಟು ಬರದಿದ್ದರೆ ಎಂದು ಕೇಳಿದೆ. "ಜಮಖಂಡ್ಯಾಗ ಬಿ.ಎಸ್ಸಿ. ಓದತಿ. ಮುಂದ ಮತ್ತೊಂದ ದಾರಿ ನೋಡೂನು. ನಿಮ್ಮಪ್ಪನ ಮಗ್ಗ ಮಾರಿ ಬಂದ ಕುಂತರ, ಪುಸ್ತಕ ತೆರದಾಗೊಮ್ಮೆ ನಿನಗ ಮಗ್ಗ ಕಾಣತೈತಿ ಬೇ. ಅಕ್ಷರ ಕಾಣಂಗಿಲ್ಲ."

ಊರಿಗೆ ಬಂದು ಸರ್ಕಾರದ ಕೋಟಾಕ್ಕೆ ಅರ್ಜಿ ಹಾಕಿದೆ. ಮೊದಲ ಯಾದಿಯಲ್ಲಿ ನನ್ನ ಹೆಸರಿರಲಿಲ್ಲ. ನಾನು ಅತ್ತೆಯ ಜೊತೆ ಮಾತು ಬಿಟ್ಟೆ. ಅವಳು ಮಾತ್ರ ದಿನಾ ನನ್ನ ಊಟದ ತಾಟಿಗೆ ತುಪ್ಪ ಬಡಿಸಿ ಹೋಗುತ್ತಿದ್ದಳು. ಅವಳಿಗೂ ಊಟ ಸೇರುತ್ತಿರಲಿಲ್ಲವೆಂದು ಅವ್ವ ಆಮೇಲೆ ಹೇಳಿದಳು. ಎರಡನೆಯ ಯಾದಿ ಬಂದ ದಿನ ಮೊಬೈಲಿನಲ್ಲಿ ನನ್ನ ಹೆಸರು ಕಂಡದ್ದೇ ಹಿಂದಿನ ಖೋಲಿಗೆ ಓಡಿದೆ. ಅದೇ ಕಾಲೇಜು, ಅದೇ ಕೋರ್ಸು, ಸರ್ಕಾರದ ಸೀಟು! ಅತ್ತೆ ನನ್ನ ಮುಖ ನೋಡಿಯೇ ತಿಳಿದುಕೊಂಡು ಬರಿಗಾಲಲ್ಲಿ ಬೀದಿಗಿಳಿದಳು. "ನಮ್ಮ ಹುಡುಗಿಗೆ ಸೀಟ ಸಿಕ್ಕತರೇ!" ಎಂದು ಅವಳು ಕೂಗಿದ ಕೂಗಿಗೆ ಓಣಿಯ ಮಗ್ಗಗಳು ಒಂದೊಂದಾಗಿ ನಿಂತವು. ಯಾರೋ ಸತ್ತರೆಂದು ತಿಳಿದು ಓಡಿ ಬಂದವರ ಬಾಯಿಗೆಲ್ಲ ಸಕ್ಕರೆ ಬಿತ್ತು. ಅಪ್ಪನ ಎರಡೂ ಮಗ್ಗ ಉಳಿದವು. ನನ್ನ ನಾಲ್ಕೂ ವರ್ಷದ ಫೀಯನ್ನು ಅವೇ ನೇಯ್ದು ಕೊಟ್ಟವು. ಅಡ್ಮಿಶನ್ನಿಗೆ ಹೋದ ದಿನ ಅದೇ ಮೇಡಂ ಎದುರು ಅತ್ತೆ ಚಹಾ ಕೇಳಿ ಕುಡಿದಳು, ಸಾಲದೆಂದು ಮತ್ತೊಂದು ಕಪ್ಪು.

ಘಟಿಕೋತ್ಸವಕ್ಕೆ ಬಂದಾಗ ಹೊಸ ಇಳಕಲ್ ಸೀರೆ ಉಟ್ಟಿದ್ದಳು. ಕರಿ ಗೌನು ಹಾಕಿಕೊಂಡ ನನ್ನ ಟೀಚರ ಎರಡೂ ಕೈ ಹಿಡಿದು, "ನಮ್ಮ ಹುಡುಗೀನ ಛಂದ ನೋಡಿಕೊಂಡ್ರಿ" ಎಂದಳು. ಬೀಗರಿಗೆ ಹೇಳುವ ಮಾತು. ಟೀಚರು ಅತ್ತೆಯ ಕಾಲು ಮುಟ್ಟಿದರು.

ಆ ದಿನ ತಿರುಗಿ ಬರುವಾಗ ಬಸ್ಸಿನಲ್ಲಿ ನಾನು ಧೈರ್ಯ ಮಾಡಿ ಕೇಳಿದೆ. ಊರ ಮಂದಿಯ ಮನೆಯನ್ನೆಲ್ಲ ಇಷ್ಟು ನೋಡುತ್ತೀಯಲ್ಲ, ನಿನ್ನ ಗಂಡನ ಮನೆಯನ್ನು ಯಾರು ನೋಡಿದ್ದರು?

ಅತ್ತೆ ಕಿಟಕಿಯ ಹೊರಗೆ ನೋಡುತ್ತ, "ಯಾರೂ ಹೋಗಿರಲಿಲ್ಲ ಬೇ" ಎಂದಳು. "ದೊಡ್ಡ ಮನಿ ಅಂದ್ರು, ಕೊಟ್ಟ ಬಿಟ್ರು." ಮತ್ತೆ ಆ ಮಾತು ಎತ್ತಲಿಲ್ಲ. ನನ್ನ ಪದವಿಯ ಸುರುಳಿ ಅವಳ ಮಡಿಲಲ್ಲೇ ಇತ್ತು, ಬನಹಟ್ಟಿ ಬರುವ ತನಕ ಕೊಡಲಿಲ್ಲ.

ಹೋದ ವರ್ಷ ಅತ್ತೆ ತೀರಿಕೊಂಡಳು. ನಾನೀಗ ಜಮಖಂಡಿಯಲ್ಲಿ ಕೆಲಸ ಮಾಡುತ್ತೇನೆ. ಗಲಗಲಿಯಿಂದ, ರಬಕವಿಯಿಂದ ತಾಯಂದಿರು ಕೂಸುಗಳನ್ನು ಎತ್ತಿಕೊಂಡು ಬರುತ್ತಾರೆ. ಮೊದಲ ಸಲ "ಅವ್ವಾ" ಅಂದ ಕೂಸಿನ ತಾಯಿ ನನ್ನ ಕೈ ಹಿಡಿದು ಅಳುವಾಗ ಈ ಪುಣ್ಯ ನನ್ನೊಬ್ಬಳದಲ್ಲ ಅನ್ನಿಸುತ್ತದೆ. ಅತ್ತೆಯನ್ನು ಮನೆ ನೋಡದೆ, ಕೇಳದೆ ಕೊಟ್ಟಿದ್ದರು. ನನ್ನನ್ನು ಅವಳು ಮನೆ ನೋಡಿ ಕೊಟ್ಟಳು.