ಕನ್ನಡಕ ತೆಗೆದ ‘ಇರಬಹುದು’

ತ್ರಿಶೂರಿನ ನಮ್ಮ ಸ್ಕ್ಯಾನ್ ಸೆಂಟರಿನಲ್ಲಿ ತ್ರೇಸ್ಯಾ ಚೇಚಿ, ಅಂದರೆ ನಮಗೆಲ್ಲ ತ್ರೇಸ್ಯಾ ಅಕ್ಕ, ಇಪ್ಪತ್ತೆಂಟು ವರ್ಷದಿಂದ ಟೈಪಿಸ್ಟ್. ಪೌಲೋಸ್ ಡಾಕ್ಟರು ಚಿತ್ರ ನೋಡುತ್ತ ಹೇಳುತ್ತಿದ್ದರು, ಚೇಚಿ ವರದಿ ಟೈಪ್ ಮಾಡುತ್ತಿದ್ದಳು. ಡಾಕ್ಟರಿಗೆ ಪ್ರಿಯವಾದ ಪದ ಒಂದೇ: ‘ಇರಬಹುದು’. ಗಡ್ಡೆ ಇರಬಹುದು, ಕಲ್ಲು ಇರಬಹುದು, ಏನೂ ಇಲ್ಲದೆಯೂ ಇರಬಹುದು. ಅವರ ಮಾತು ನಂಬಿ ಮಳೆಗೆ ಛತ್ರಿ ಬಿಚ್ಚುವ ಹಾಗೂ ಇರಲಿಲ್ಲ.

ಹಾಗಾಗಿ ವರದಿ ಕೈಗೆ ಬಂದೊಡನೆ ಸರ್ಜನ್ ಹರೀಂದ್ರನ್ ಫೋನ್ ಮಾಡುತ್ತಿದ್ದದ್ದು ಡಾಕ್ಟರಿಗಲ್ಲ, ಚೇಚಿಗೆ.

“ತ್ರೇಸ್ಯಾ, ಇದು ಯಾವ ಇರಬಹುದು?”

“ಚಹಾ ಕುಡೀತಾ ಹೇಳಿದ್ದು ಸಾರ್. ಮನೆಗೆ ಕಳ್ಸಿ.”

ಇಲ್ಲವೇ, “ಕನ್ನಡಕ ತೆಗೆದು ಹೇಳಿದ್ದು ಸಾರ್.” ಆ ರೋಗಿಗೆ ಅದೇ ವಾರ ಸೂಜಿ ಚುಚ್ಚಿ, ತುಣುಕು ತೆಗೆದು ಪರೀಕ್ಷೆ. ನಾನು ಇಲ್ಲಿ ಟೆಕ್ನಿಷಿಯನ್ ಆಗಿ ಹನ್ನೊಂದು ವರ್ಷ. ಅವಳ ಅಂದಾಜು ತಪ್ಪಿದ್ದನ್ನು ನೋಡಿಲ್ಲ.

ಹೋದ ವರ್ಷ ಎದೆಯ ಸ್ಕ್ಯಾನ್ ವರದಿಗೆ ಹೊಸ ನಮೂನೆ ಬಂತು. ಇನ್ನು ಎಲ್ಲ ಡಾಕ್ಟರಿಗೂ ಒಂದೇ ಪದಗಳು, ಮಿಲಿಮೀಟರ್ ಅಳತೆ, ಕೊನೆಗೆ ಒಂದರಿಂದ ಐದರವರೆಗೆ ಅಂಕ. ಒಂದೆಂದರೆ ನಿಶ್ಚಿಂತೆ, ಐದೆಂದರೆ ಕ್ಯಾನ್ಸರ್ ಹೆಚ್ಚುಕಡಿಮೆ ಖಚಿತ. ‘ಇರಬಹುದು’ ಎಂದು ಬರೆದರೆ ಕಂಪ್ಯೂಟರೇ ವಾಪಸ್ ಕಳಿಸುತ್ತದೆ.

“ಎದೆಗೂ ಮಾರ್ಕ್ಸಾ? ಇನ್ಮೇಲೆ ರ‍್ಯಾಂಕೂ ಕೊಡ್ತಾರೆ ನೋಡು ಮೋಳೇ,” ಎಂದು ಮಗಳಿಗೆ ಹೇಳಿದಂತೆ ನನಗೆ ಹೇಳಿ ಚೇಚಿ ಬೇಳೆಯ ಪರಿಪ್ಪುವಡೆ ಮುರಿದಳು. ಸರ್ಜನ್ ಫೋನ್ ನಿಂತಿತು. ಅವಳ ಮುಖ ಒಂದು ವಾರ ಊದಿಕೊಂಡಿತ್ತು.

ಈ ಜನವರಿಯಲ್ಲಿ ಅವಳ ಎದೆಯಲ್ಲೇ ಗಂಟು ಸಿಕ್ಕಿತು. ಚಿತ್ರ ತೆಗೆದವಳು ನಾನು. ತನ್ನ ವರದಿಯನ್ನು ತಾನೇ ಟೈಪ್ ಮಾಡುತ್ತೇನೆಂದು ಹಟ ಹಿಡಿದು ಕೂತಳು. ಡಾಕ್ಟರು ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದರು.

“ಎಡಗಡೆ ಒಂದು ಗಂಟು... ಏನೂ ಅಲ್ಲದೆಯೂ ಇರಬಹುದು ತ್ರೇಸ್ಯಾ...”

“ಕಂಪ್ಯೂಟರ್ ತಗೊಳ್ಳಲ್ಲ ಸಾರ್. ಅಳತೆ ಹೇಳಿ.”

“ಹದಿನಾಲ್ಕು ಮಿಲಿಮೀಟರ್.”

“ಅಂಕ?”

ಡಾಕ್ಟರು ಕನ್ನಡಕ ಒರೆಸಿದರು. ಒರೆಸುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

“ನಾಲ್ಕು.”

ಅವಳು ನಾಲ್ಕು ಒತ್ತಿ, ಮೊದಲಿನಿಂದ ಓದಿ, ಒಂದು ಅಲ್ಪವಿರಾಮ ಸರಿಪಡಿಸಿ ಕಳಿಸಿದಳು. ನನಗೆ ಅಳು ಬಂತು. ಅವಳು ಅಳದಿದ್ದುದಕ್ಕೆ ಸಿಟ್ಟೂ ಬಂತು.

ಮಧ್ಯಾಹ್ನ ಫೋನ್ ರಿಂಗಾಯಿತು. ಎಷ್ಟೋ ತಿಂಗಳ ಮೇಲೆ, ಸರ್ಜನ್.

“ತ್ರೇಸ್ಯಾ, ಒಂದು ನಾಲ್ಕು ಬಂದಿದೆ. ಮೂರಕ್ಕೆ ಹತ್ರಾನೋ ಐದಕ್ಕೆ ಹತ್ರಾನೋ ಗೊತ್ತಾಗ್ತಿಲ್ಲ. ಇದು ಯಾವ ನಾಲ್ಕು?”

“ಕನ್ನಡಕ ತೆಗೆದಿದ್ರು ಸಾರ್.”

“ಹಾಗಾದ್ರೆ ಇವತ್ತೇ ಕರೆಸ್ತೀನಿ. ತಡಿ, ಹೆಸರು ನೋಡ್ತೀನಿ...”

ಆ ಕಡೆ ಕಾಗದ ಸರಿದ ಸದ್ದು. ಆಮೇಲೆ, ಓದುವ ದನಿಯಲ್ಲಿ, “ತ್ರೇಸ್ಯಾ...”

“ಬರ್ತೀನಿ ಸಾರ್,” ಎಂದಳು ಚೇಚಿ. “ಇನ್ನೆರಡು ವರದಿ ಬಾಕಿ ಇದೆ.”