ತೊಳೆದು ಕೆಡಿಸಿದ ತತ್ತಿಗಳು

ತಾತನ ಎಡಗೈಯ ಕಿರುಬೆರಳು ಮಡಚುತ್ತಿರಲಿಲ್ಲ. ಯಾವುದೋ ಕಾಲದಲ್ಲಿ ದೊಡ್ಡ ಕಾಟ್ಲಾ ಮೀನೊಂದು ಬಾಲದಿಂದ ಬಡಿದು ಮುರಿದದ್ದಂತೆ. ತಾಯಿಮೀನನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತೊಡೆಯ ಮೇಲೆ ಮಲಗಿಸಿಕೊಂಡಾಗ ಉಳಿದ ಬೆರಳೆಲ್ಲ ಅದರ ಹೊಟ್ಟೆಯ ಮೇಲಿದ್ದರೆ ಇದೊಂದು ನೆಟ್ಟಗೆ ಹೊರಗೆ ನಿಂತಿರುತ್ತಿತ್ತು.

ಟಿ.ಬಿ. ಡ್ಯಾಂ ಹತ್ತಿರದ ಮೀನುಮರಿ ಫಾರಂನಲ್ಲಿ ಅವರು ಕೆಲಸಕ್ಕಿದ್ದರು. ಕಂಪ್ಲಿಯವರು, ಹೊಳೆಯಲ್ಲಿ ಬಲೆ ಬೀಸುತ್ತಲೇ ಬೆಳೆದವರು. ಎಲ್ಲರೂ ತಾತ ಎಂದೇ ಕರೆಯುತ್ತಿದ್ದರು, ಫಾರಂ ನೋಡಿಕೊಳ್ಳುವ ಸಾಹೇಬರೂ ಸಹ. ತತ್ತಿ ಇಡಿಸಲು ಮೀನಿಗೆ ಹಾರ್ಮೋನ್ ಸೂಜಿ ಹಾಕುವ ಮುಂಚೆ ತಾತ ತೆಳುವಾದ ನಳಿಗೆಯಲ್ಲಿ ನಾಲ್ಕು ತತ್ತಿ ತೆಗೆದು ಅಂಗೈಯಲ್ಲಿ ಇಟ್ಟುಕೊಂಡು ನೋಡುವರು. ಒಂದಕ್ಕೊಂದು ಅಂಟಿಕೊಂಡಿದ್ದರೆ ಮುಗಿಯಿತು. “ಇನ್ನಾ ತಾಯಿ ಬಿಟ್ಟಿಲ್ರಿ. ವಾಪಸ್ ಹಾಕ್ರಿ ಕೊಳಕ್ಕ,” ಎನ್ನುವರು. ಗಡಿಬಿಡಿಯಲ್ಲಿದ್ದ ಸಾಹೇಬರು ಎಷ್ಟು ಗೊಣಗಿದರೂ ಆ ಮೀನು ಕೊಳಕ್ಕೇ ಹೋಗುತ್ತಿತ್ತು. ಅದು ಈಜಿ ಮರೆಯಾದ ಮೇಲೆಯೇ ತಾತ ಚಹಾ ಮುಟ್ಟುತ್ತಿದ್ದರು.

ನಾನು ಅಲ್ಲಿಗೆ ಹೋದದ್ದು ಪಿಎಚ್.ಡಿ. ಕೆಲಸಕ್ಕೆ. ಅಂಡಾಶಯದೊಳಗೆ ಮೀನಿನ ತತ್ತಿಯ ಸುತ್ತ ತೀರಾ ತೆಳುವಾದ ಜೀವಕೋಶಗಳ ಹೊದಿಕೆ ಇರುತ್ತದೆ. ತತ್ತಿ ಮತ್ತು ಹೊದಿಕೆ ಗ್ರೋತ್ ಫ್ಯಾಕ್ಟರ್ ಎಂಬ ಪ್ರೋಟೀನುಗಳ ಮೂಲಕ ಒಂದಕ್ಕೊಂದು ಸುದ್ದಿ ಮುಟ್ಟಿಸುತ್ತವೆ. ಈ ಸುದ್ದಿ ಮುಟ್ಟಿದರೆ ತತ್ತಿ ಬಲಿಯುವುದು ಬೇಗವಾಗುತ್ತದೆ ಎಂದು ತೋರಿಸುವುದೇ ನನ್ನ ಕೆಲಸ. ಇನ್ನೂ ಬಲಿಯದ ಹಸಿ ತತ್ತಿಗಳನ್ನು ಗಾಜಿನ ತಟ್ಟೆಗಳಲ್ಲಿಟ್ಟು, ಕೆಲವಕ್ಕೆ ಗ್ರೋತ್ ಫ್ಯಾಕ್ಟರ್ ಹಾಕಿ, ಕೆಲವಕ್ಕೆ ಹಾಕದೆ ನೋಡುತ್ತಿದ್ದೆ. ಎರಡು ಮಳೆಗಾಲ ಕಳೆದರೂ ಎರಡಕ್ಕೂ ಕೂದಲೆಳೆಯಷ್ಟೂ ವ್ಯತ್ಯಾಸ ಕಾಣಲಿಲ್ಲ. ರೋಹು ಮೀನು ಮಳೆಗಾಲದಲ್ಲಿ ಮಾತ್ರ ತತ್ತಿ ಕಟ್ಟುವುದು. ಮೂರನೆಯ ಮಳೆಗಾಲ ಬಂದಾಗ ನನ್ನ ಗೈಡ್, “ಇದೇ ಕಡೆಯದಮ್ಮ. ಇದರಲ್ಲೂ ಆಗದಿದ್ದರೆ ಈ ವಿಷಯ ಕೈಬಿಡೋಣ,” ಎಂದುಬಿಟ್ಟರು.

ತಲೆ ಕೆಟ್ಟಷ್ಟೂ ಹೆಚ್ಚು ತೊಳೆಯುವುದು ನನ್ನ ಹುಟ್ಟುಗುಣ. ಮನೆಯಲ್ಲಿ ಪಾತ್ರೆ, ಇಲ್ಲಿ ತತ್ತಿ. ಮೊದಲ ವರ್ಷದಿಂದಲೂ ತೊಳೆಯುತ್ತಿದ್ದೆ, ಆ ಸಲವಂತೂ ಒಂದೊಂದು ತತ್ತಿಯನ್ನೂ ಬಿಡಿಬಿಡಿಯಾಗಿ ಮುತ್ತಿನಂತೆ ಮಾಡಿ ತಟ್ಟೆಗೆ ಹಾಕಿದೆ. ಆದರೂ ಫಲಿತಾಂಶ ಸೊನ್ನೆ. ಮಾರನೆಯ ದಿನ ಮುಖ ಊದಿಸಿಕೊಂಡು ಕುಳಿತಿದ್ದಾಗ ತಾತ ಬಂದು ತಟ್ಟೆಯ ಮೇಲೆ ಬಗ್ಗಿದರು.

“ಇವು ಯಾವ ಮೀನಿನ್ವು?”

“ನಿನ್ನೆ ಹಸೇವು ಅಂತ ನೀವೇ ಕೊಟ್ರಲ್ಲ ತಾತ, ಆ ರೋಹು ಮೀನಿಂದು.”

“ಹಸೇವು ಅಂದ್ರ ಅಂಟಿಕೊಂಡಿರಬೇಕು. ಇವು ಸಾಸಿವಿ ಹಂಗ ಉಳ್ಳಾಡಾಕತ್ತಾವ. ತಾಯಿ ಬಿಟ್ಟಿದ್ದಲ್ರಿ ಇವು, ಯಾರೋ ಬಿಡಿಸಿದ್ದು. ಏನ್ ಮಾಡಿದ್ರಿ ಮೇಡಂ?”

“ತೊಳೆದೆ.”

“ಎಷ್ಟ್ ಸರ್ತಿ?”

“ಏಳು.”

ತಾತ ನಗಲಿಲ್ಲ. “ಭಾಳ ಆತ್ರಿ. ಮೈಮ್ಯಾಲಿಂದೆಲ್ಲ ಕಿತ್ಗೊಂಡು ಹೋಗಿರ್ತೈತಿ,” ಎಂದಷ್ಟೇ ಹೇಳಿ ಬಲೆ ಒಣಗಿಸಲು ಹೊರಟರು.

ಆಗ ಹೊಳೆಯಿತು. ಯಾವ ಹೊದಿಕೆಯ ಮೂಲಕ ಸುದ್ದಿ ಮುಟ್ಟಬೇಕೋ ಅದನ್ನೇ ಎರಡು ವರ್ಷದಿಂದ ತೊಳೆದು ಚೆಲ್ಲುತ್ತಿದ್ದೆ. ಮುಂದಿನ ಮೀನಿನ ತತ್ತಿಗಳನ್ನು ಒಮ್ಮೆ ಮಾತ್ರ, ಅಗಲ ಬಾಯಿಯ ನಳಿಗೆಯಲ್ಲಿ, ಮೆಲ್ಲಗೆ ತೊಳೆದೆ. ಸಂಜೆ ನೋಡಿದರೆ ಗ್ರೋತ್ ಫ್ಯಾಕ್ಟರ್ ಹಾಕಿದ ತಟ್ಟೆಯಲ್ಲಿ ತತ್ತಿಗಳ ನಡುವಿದ್ದ ಕೋಶಕೇಂದ್ರಗಳು ಅಂಚಿಗೆ ಸರಿದಿದ್ದವು. ತತ್ತಿ ಬಲಿಯುವ ಗುರುತೇ ಅದು. ಹಾಕದ ತಟ್ಟೆಯಲ್ಲಿ ಬಹಳಷ್ಟು ಇನ್ನೂ ನಡುವಿನಲ್ಲೇ ಇದ್ದವು. ಹೋದ ಜೀವ ಬಂದಂತಾಗಿ ಸ್ಟೂಲಿನಿಂದ ಇಳಿದು ನೆಲದ ಮೇಲೆ ಕುಳಿತುಬಿಟ್ಟೆ.

ಇಲ್ಲಿಗೇ ಮುಗಿದಿದ್ದರೆ ನಾನು ಒಳ್ಳೆಯವಳಾಗಿಯೇ ಉಳಿಯುತ್ತಿದ್ದೆ. ವಿಭಾಗದ ಸೆಮಿನಾರಿನಲ್ಲಿ ಗೈಡ್, “ತಪ್ಪು ಹೇಗೆ ಗೊತ್ತಾಯ್ತು?” ಎಂದು ಕೇಳಿದರು. “ಸೂಕ್ಷ್ಮವಾಗಿ ಗಮನಿಸಿದೆ ಸರ್,” ಎಂದೆ. ಚಪ್ಪಾಳೆ ಬಿತ್ತು. ಅಂದಿನಿಂದ ಊಟ ಸೇರಲಿಲ್ಲ. ವಾರ ತಡೆದು ಫಾರಂಗೆ ಹೋಗಿ ತಾತನ ಮುಂದೆ ಎಲ್ಲ ಒಪ್ಪಿಕೊಂಡೆ, ಊಟ ಸೇರದ್ದನ್ನೂ ಹೇಳಿದೆ. ಅವರು ಬಲೆಯ ಗಂಟು ಬಿಡಿಸುತ್ತಲೇ ಕೇಳಿದರು.

“ನನಗ ಹೇಳಿ ಏನ್ ಬಂತು ಯವ್ವಾ? ನನಗ ಗೊತ್ತೈತಲ್ಲ. ಗೊತ್ತಿಲ್ಲದವ್ರಿಗೆ ಹೇಳ್ರಿ.”

ಕೊನೆಯ ಮೌಖಿಕ ಪರೀಕ್ಷೆಯ ದಿನ, ಯಾರೂ ಕೇಳದಿದ್ದರೂ, ತುಂಬಿದ ಕೋಣೆಯಲ್ಲಿ ಹೇಳಿದೆ. ಈ ತಪ್ಪು ಕಂಡುಹಿಡಿದದ್ದು ನಾನಲ್ಲ, ಫಾರಂನ ತಾತ. ಸೆಮಿನಾರಿನಲ್ಲಿ ನಾನು ಸುಳ್ಳು ಹೇಳಿದ್ದೆ. ಗೈಡ್, “ಹಾಗಾದರೆ ಅವರನ್ನು ಕೇಳಲು ನಿಮಗೆ ಎರಡು ವರ್ಷ ಹಿಡಿಯಿತು,” ಎಂದು ನಕ್ಕರು. ಹೊರಗೆ ಬಂದು ತಾತನಿಗೆ ಫೋನ್ ಮಾಡಿದೆ.

“ಹೇಳಿದ್ರಲ್ಲ, ಆತು ಬಿಡ್ರಿ. ಹೊಟ್ಟಿತುಂಬ ಉಣ್ರಿ ಇನ್ನ,” ಎಂದರು. ಅಂದು ನಿಜಕ್ಕೂ ಹೊಟ್ಟೆತುಂಬ ಉಂಡೆ.

ಕಳೆದ ಬೇಸಿಗೆಯಲ್ಲಿ ತಾತ ತೀರಿಕೊಂಡರು. ನಾನು ಕಂಪ್ಲಿಯ ಮನೆಗೆ ಹೋದಾಗ ಅಂಗಳದ ತುಂಬ ಅವರ ಬಂಧುಗಳಿದ್ದರು. ನನ್ನನ್ನು ಕಂಡಿರದ ಅವರ ಮಗಳು, “ನೀವು ಯಾರ್ರಿ?” ಎಂದು ಕೇಳಿದಳು.

“ತಾತನ ಹತ್ರ ಕಲಿತವಳು,” ಎಂದೆ. ಅಷ್ಟು ಜನರ ಮುಂದೆ ಆ ಮಾತು ಎಲ್ಲೂ ತಡವರಿಸದೆ ಬಂತು.